ಕಂಬಳಿ ಇಳಿಸಿ ಆಡಿದ ಮಾತು

‘ಹೌದು, ತಪ್ಪು ನಂದೇ’ ಎಂದುಬಿಟ್ಟ ಸಂಗಮನಾಥ, ಎಡಗಾಲಿನ ಬೂಟಿಗೆ ಲೇಸು ಬಿಗಿಯುತ್ತ.

ಶಾಂಭವಿ ಕೇಳಿದ್ದು ಇಷ್ಟೇ: ನಿನ್ನೆ ತನ್ನ ಅಣ್ಣನ ಮನೆಯ ಊಟಕ್ಕೆ ಹೋದಾಗ ಎರಡು ತಾಸು ಕೂತರೂ ಯಾರೊಡನೆಯೂ ಒಂದು ಮಾತಾಡಲಿಲ್ಲ, ಯಾಕೆ. ಅವಳು ಕೇಳಿ ಮುಗಿಸುವಷ್ಟರಲ್ಲಿ ಉತ್ತರ ಸಿದ್ಧವಾಗಿತ್ತು. ಮದುವೆಯಾದ ಒಂಬತ್ತು ವರ್ಷಗಳಲ್ಲಿ ಈ ಒಂದು ವಾಕ್ಯ ಎಷ್ಟೋ ಜಗಳಗಳನ್ನು ಹುಟ್ಟುವ ಮೊದಲೇ ಮುಗಿಸಿತ್ತು. ಅದರ ಬಗ್ಗೆ ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

‘ಏನ್ ತಪ್ಪು?’ ಎಂದಳು.

‘ನೀ ಹೇಳಿದ್ದೇ.’

‘ನಾ ಏನೂ ಹೇಳಿಲ್ಲ. ಕೇಳೀನಿ.’

ಅವನು ಬಲಗಾಲಿನ ಬೂಟು ಎತ್ತಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಒಲೆಯ ಮೇಲೆ ರೊಟ್ಟಿ ಕರಕಾಗುತ್ತಿದ್ದ ವಾಸನೆ ಇಬ್ಬರಿಗೂ ಬರುತ್ತಿತ್ತು, ಇಬ್ಬರೂ ಅದನ್ನು ಹೇಳಲಿಲ್ಲ.

‘ನಿಮ್ಮ ಕೋರ್ಟಿನ್ಯಾಗ ಮುಗಸ್ದಂಗ ನನ್ನ ಮುಗಸಬ್ಯಾಡ್ರಿ. ನನ್ನ ಜೋಡಿ ಜಗಳಾನರ ಮಾಡ್ರಿ’ ಎಂದು ಶಾಂಭವಿ ಒಳಗೆ ಹೋದಳು.

ಅವನು ಗಡಿಯಾರ ನೋಡಿದ. ಎಂಟೂಕಾಲಿನ ಬಸ್ಸಿಗೆ ಇನ್ನೂ ಹತ್ತು ನಿಮಿಷ ಇತ್ತು. ಜಗಳಕ್ಕೆ ಹತ್ತು ನಿಮಿಷ ಸಾಲದು ಎಂದುಕೊಂಡು ಬಾಗಿಲು ಎಳೆದುಕೊಂಡ.

ಬಸ್ಸು ಯಾದಗಿರಿ ಬಿಟ್ಟು ಭೀಮಾ ನದಿಯ ಸೇತುವೆ ದಾಟಿತು. ಏಪ್ರಿಲ್ ತಿಂಗಳು. ನದಿಯಲ್ಲಿ ನೀರಿಗಿಂತ ಬಂಡೆ ಹೆಚ್ಚು ಕಾಣುತ್ತಿತ್ತು. ಸಂಗಮನಾಥ ತೊಡೆಯ ಮೇಲಿನ ಚೀಲದಿಂದ ಬಾಲಪ್ಪನ ಫೈಲು ತೆಗೆದ. ಅದರೊಳಗೆ ಅವನೇ ಬರೆದ ಎರಡು ಹಾಳೆಗಳಿದ್ದವು: ಇಪ್ಪತ್ಮೂರು ಪ್ರಶ್ನೆಗಳು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು.

ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳಿಗೆ ಸರಕಾರ ಕೊಡುವ ವಕೀಲ ಅವನು. ಈ ಕೆಲಸಕ್ಕೆ ಸೇರಿದಾಗ ಪಾಟಿ ಸವಾಲಿನ ಮೇಲೆ ಅವನಿಗೆ ಪ್ರೀತಿಯಿತ್ತು. ಸರಿಯಾದ ಒಂದು ಪ್ರಶ್ನೆ ಬಿದ್ದರೆ ಸುಳ್ಳು ತಾನಾಗಿಯೇ ಕುಸಿಯುತ್ತದೆ ಎಂದು ನಂಬಿದ್ದ. ನಾಲ್ಕು ವರ್ಷಗಳಲ್ಲಿ ಆತ ಮಾಡಿದ ಪಾಟಿ ಸವಾಲುಗಳು ಬೆರಳೆಣಿಕೆಯಷ್ಟು. ಉಳಿದ ದಿನಗಳಲ್ಲೆಲ್ಲ ವರಾಂಡದಲ್ಲಿ ನಿಂತು ಜನಕ್ಕೆ ಒಂದು ವಾಕ್ಯ ಕಲಿಸಿದ್ದ: ತಪ್ಪಾಗ್ಯಾದ್ರಿ, ಕಡಿಮಿ ಶಿಕ್ಷಾ ಕೊಡ್ರಿ. ಕಲಿಯಲು ಯಾರಿಗೂ ಎರಡು ನಿಮಿಷಕ್ಕಿಂತ ಹೆಚ್ಚು ಬೇಕಾಗುತ್ತಿರಲಿಲ್ಲ. ಸಾಕ್ಷಿಗಳು ಬರಬೇಕಾಗಿಲ್ಲ, ಪೊಲೀಸರು ನೆನಪಿಸಿಕೊಳ್ಳಬೇಕಾಗಿಲ್ಲ, ನ್ಯಾಯಾಧೀಶರು ತೀರ್ಪು ಯೋಚಿಸಬೇಕಾಗಿಲ್ಲ, ಆರೋಪಿ ಸಂಜೆಗೆ ಮನೆಯಲ್ಲಿರುತ್ತಾನೆ. ಇಷ್ಟು ಜನಕ್ಕೆ ಒಮ್ಮೆಲೇ ಅನುಕೂಲವಾಗುವ ವಾಕ್ಯ ಬೇರೊಂದು ಇರಲಿಕ್ಕಿಲ್ಲ.

ಬಾಲಪ್ಪ ಮಾತ್ರ ಆ ವಾಕ್ಯ ಕಲಿಯಲಿಲ್ಲ.

ಕುರಿಗಾರ. ಮೂವತ್ತರ ಆಸುಪಾಸು. ಕಳೆದ ಸೆಪ್ಟೆಂಬರಿನಲ್ಲಿ ದೋರನಹಳ್ಳಿಯ ಹತ್ತಿರ ಅವನ ಹಿಂಡಿನಲ್ಲಿ ಬೇರೆಯವರ ಟಗರೊಂದು ಸಿಕ್ಕಿತು. ತಾನಾಗಿಯೇ ಬಂದು ಕೂಡಿಕೊಂಡಿತು, ಮಾಲಕ ಹುಡುಕಿಕೊಂಡು ಬರಲಿ ಎಂದು ಎರಡು ದಿನ ಅಲ್ಲೇ ತಂಗಿದ್ದೆ ಎಂದು ಅವನು ಹೇಳಿದ. ಮಾಲಕ ಬಂದ, ಪೊಲೀಸರೊಂದಿಗೆ. ಕಳವಿನ ಕೇಸಾಯಿತು. ಎರಡನೆಯ ತಿಂಗಳಲ್ಲಿ ಜಾಮೀನು ಸಿಕ್ಕಿತು, ಆದರೆ ಜಾಮೀನಿಗೆ ನಿಲ್ಲಲು ಹೊಲದ ಪಹಣಿ ಇರುವ ಒಬ್ಬ ಮನುಷ್ಯ ಬೇಕು. ಬಾಲಪ್ಪನ ಬಳಗವೆಲ್ಲ ಕುರಿಯ ಹಿಂದೆ ಊರೂರು ತಿರುಗುವವರು. ಹೀಗಾಗಿ ಏಳು ತಿಂಗಳಿಂದ ಅವನು ಜೈಲಿನಲ್ಲೇ ಇದ್ದ. ಸಾಕ್ಷಿ ಹೇಳಬೇಕಾದ ಟಗರಿನ ಮಾಲಕ ಮೂರು ತಾರೀಖು ತಪ್ಪಿಸಿದ್ದ.

ಹದಿನೇಳನೆಯ ಪ್ರಶ್ನೆಯ ಮೇಲೆ ಸಂಗಮನಾಥನ ಕಣ್ಣು ನಿಂತಿತು. ದೂರಿನಲ್ಲಿ ಹಗ್ಗ ಕೊಯ್ದು ಕದ್ದರು ಎಂದಿತ್ತು. ಪಂಚನಾಮೆಯಲ್ಲಿ, ಟಗರಿನ ಕೊರಳಲ್ಲಿ ಸವೆದು ಹರಿದ ಹಗ್ಗದ ತುಂಡು ಎಂದಿತ್ತು. ಕೊಯ್ದ ಹಗ್ಗ ಸವೆದಿರುವುದಿಲ್ಲ. ಟಗರು ತಾನೇ ಜಗ್ಗಿ ಕಿತ್ತುಕೊಂಡು ಬಂದಿದೆ. ಈ ಒಂದು ಪ್ರಶ್ನೆಗೆ ಕೇಸು ಬೀಳುತ್ತದೆ ಎಂಬುದು ಅವನಿಗೆ ಎರಡು ತಿಂಗಳಿಂದ ಗೊತ್ತಿತ್ತು. ಆದರೆ ಪ್ರಶ್ನೆ ಕೇಳಲು ಮಾಲಕ ಕಟಕಟೆಗೆ ಬರಬೇಕು. ಅದಕ್ಕೆ ಆರು ತಿಂಗಳಾಗಬಹುದು, ವರ್ಷವೂ ಆಗಬಹುದು. ಅವನು ಫೈಲು ಮುಚ್ಚಿದ.

ಕೋರ್ಟಿನ ಮೆಟ್ಟಿಲಲ್ಲೇ ಸರಕಾರಿ ವಕೀಲೆ ತಸ್ಲೀಮಾ ಸಿಕ್ಕರು. ಚುರುಕಿನ ಹೆಂಗಸು, ಯಾರಿಗೂ ಕೇಡು ಬಯಸಿದವರಲ್ಲ. ಇವತ್ತು ಕೋರ್ಟು ಕೂತು ಏಳುವಷ್ಟರಲ್ಲಿ ಹನ್ನೆರಡು ಕೇಸು ಮುಗಿಸಬೇಕಾಗಿದೆ, ಹನ್ನೊಂದು ಜನ ಒಪ್ಪಿದ್ದಾರೆ ಎಂದರು. ಹನ್ನೆರಡನೆಯವನ ಹೆಸರು ಹೇಳುವ ಅಗತ್ಯವಿರಲಿಲ್ಲ.

‘ಏಳು ತಿಂಗಳು ಒಳಗ ಇದ್ದಾನ. ಒಪ್ಪಿದ್ರ ಅದೇ ಶಿಕ್ಷಾ ಅಂತ ಹಿಡಸ್ತೀನಿ. ಸಂಜಿಕೆ ಮನಿಗೆ ಹೋಗ್ತಾನ. ನೀವು ಅವಗ ತಿಳಿಸಿ ಹೇಳಂಗಿಲ್ಲ ಅಷ್ಟೇ.’

‘ಹೇಳ್ತೀನಿ.’

‘ನಿಮಗ ಅಂವ ಕದ್ದಿಲ್ಲ ಅನಸ್ತದೇನು?’

‘ಅನಸೋದು ಬಿಡ್ರಿ ಮೇಡಂ’ ಎಂದ ಸಂಗಮನಾಥ. ಚೀಲದಲ್ಲಿದ್ದ ಹದಿನೇಳನೆಯ ಪ್ರಶ್ನೆಯನ್ನು ಚೀಲದಲ್ಲೇ ಬಿಟ್ಟ.

ಬೇವಿನ ಮರದ ಕೆಳಗೆ ಬಾಲಪ್ಪನ ತಾಯಿ ಮಾಳಮ್ಮ ಕೂತಿದ್ದಳು. ಮುದನಾಳದ ಹೊಲಗಳಲ್ಲಿ ಅಳಿಯ ಹುಲಗಪ್ಪನ ಹಿಂಡಿನ ಜೊತೆ ಮಗನ ಕುರಿಗಳನ್ನೂ ಬಿಟ್ಟು, ನಸುಕಿಗೇ ಹೊರಟು ಬಂದಿದ್ದಳು. ಮಡಿಲಲ್ಲಿ ಒಂದು ಕರಿ ಕಂಬಳಿ. ಈ ಬಿಸಿಲಲ್ಲಿ ಕಂಬಳಿ ಯಾಕೆ ಎಂದು ಸಂಗಮನಾಥ ಕೇಳಲಿಲ್ಲ. ಹೇಳಬೇಕಾದ್ದನ್ನು ಹೇಳಿದ: ಮಗ ಒಂದು ಸಲ ಹೌದು ಎಂದರೆ ಸಂಜೆಗೆ ಬಿಡುಗಡೆ, ಇಲ್ಲವೆಂದರೆ ಇನ್ನೊಂದು ವರ್ಷ.

ಮಾಳಮ್ಮ ಕಂಬಳಿಯ ಮಡಿಕೆ ಸರಿಮಾಡಿಕೊಂಡಳು. ಆಮೇಲೆ ಮಾತಾಡಿದಳು, ನಡುವೆ ನಿಲ್ಲಿಸುತ್ತ, ಅವಸರವಿಲ್ಲದೆ. ರೈತರು ಗೊಬ್ಬರಕ್ಕೆ ಅಂತ ಹೊಲದಲ್ಲಿ ರಾತ್ರಿ ಹಿಂಡು ತರುಬಿ ನಿಲ್ಲಿಸಲು ಕರೆಯುತ್ತಾರೆ, ಕದ್ದೀನಿ ಅಂತ ಬಾಯಿಬಿಟ್ಟವನ ಹಿಂಡನ್ನು ಯಾರು ಕರೆಯುತ್ತಾರೆ ಎಂದಳು. ಹಟ್ಟಿಯವರು ಅವನ ಜೊತೆ ದಾರಿ ನಡೆಯುವುದಿಲ್ಲ ಎಂದಳು. ಒಂಟಿ ಹಿಂಡು ಎಷ್ಟು ದಿನ ಬದುಕುತ್ತದೆ ಎಂದಳು. ಕೊನೆಗೆ ಕಂಬಳಿಯ ಮಾತು ತೆಗೆದಳು. ಅವಳ ಹಟ್ಟಿಯಲ್ಲಿ ಕಂಬಳಿ ಹೆಗಲ ಮೇಲಿದ್ದಾಗ ಆಡಿದ್ದು ಆಣೆಯ ಮಾತು. ಸಂಕಟಕ್ಕೆ ಸಿಕ್ಕು ತನ್ನದಲ್ಲದ ಮಾತು ಆಡಬೇಕಾಗಿ ಬಂದರೆ, ಕಂಬಳಿ ಇಳಿಸಿ ಒಬ್ಬರ ಕೈಗೆ ಕೊಟ್ಟು ಆಡಬೇಕು. ಕಂಬಳಿ ಹಿಡಿದವರು...

ಅಷ್ಟರಲ್ಲಿ ಪೊಲೀಸ್ ವ್ಯಾನು ಗೇಟಿನೊಳಗೆ ಬಂತು. ‘ಆಗಲಿ ಯವ್ವಾ, ಕಂಬಳಿ ಇಳಿಸೇ ಹೇಳಲಿ’ ಎಂದು ಸಂಗಮನಾಥ ಆ ಕಡೆ ನಡೆದ. ಮಾತಿನ ಉಳಿದರ್ಧ ಮಾಳಮ್ಮನ ಬಾಯಲ್ಲೇ ಉಳಿಯಿತು.

ಬಾಲಪ್ಪ ಇಳಿದ. ಜೈಲಿನ ನೆರಳಿಗೆ ಅವನ ಮೈಬಣ್ಣ ತಿಳಿಯಾಗಿತ್ತು, ಅಂಗಿ ಸಡಿಲವಾಗಿತ್ತು. ತಾಯಿ ಬಂದು ಕಂಬಳಿಯನ್ನು ಅವನ ಹೆಗಲಿಗೆ ಹಾಕಿದಳು. ಅವನು ಅದರ ಅಂಚನ್ನು ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದುಕೊಂಡ. ಜೊತೆಗಿದ್ದ ಪೇದೆ ಯೂನುಸ ಆ ಕಡೆ ಮುಖ ತಿರುಗಿಸಿ ನಿಂತ. ಒಳ್ಳೆಯ ಮನುಷ್ಯ, ಇಂಥದ್ದಕ್ಕೆ ಎರಡು ನಿಮಿಷ ಬಿಡುತ್ತಿದ್ದ.

ಕುರಿ ಎಷ್ಟು ಮರಿ ಹಾಕಿವೆ ಎಂದು ಬಾಲಪ್ಪ ಕೇಳಿದ. ಹದಿನಾಲ್ಕು, ಅದರಲ್ಲಿ ಮೂರು ಸತ್ತವು, ನನ್ನ ಕಾಲು ನಡೆಯುವುದಿಲ್ಲ ಎಂದು ಮಾಳಮ್ಮ ಹೇಳಿದಳು. ಬಾಲಪ್ಪನ ಒಪ್ಪಿಗೆ ಅಲ್ಲಿಯೇ ಆಯಿತು ಎಂಬುದು ಸಂಗಮನಾಥನಿಗೆ ತಿಳಿಯಿತು. ತಾನು ಇಪ್ಪತ್ತು ನಿಮಿಷ ಹೇಳಲು ತಯಾರಿಸಿಕೊಂಡಿದ್ದ ಮಾತುಗಳು ಬೇಕಾಗಲೇ ಇಲ್ಲ.

‘ವಕೀಲ್ರ, ಇದನ್ನ ಇಳಿಸಿ ಹೇಳ್ತೀನ್ರಿ. ಇಳಿಸಿದ್ದು ಸಾಹೇಬ್ರಿಗೆ ತಿಳೀತದಲ್ರಿ?’

ಒಳಗಿನಿಂದ ಕೂಗುವ ದನಿ ಕೇಳಿಸಿತು. ಮೊದಲನೆಯ ಹೆಸರು ಕರೆದಾಗಿತ್ತು. ನ್ಯಾಯಾಧೀಶರು ದಕ್ಷಿಣದ ಕಡೆಯವರು, ಬಂದು ಎಂಟು ತಿಂಗಳು. ಕಂಬಳಿಗೂ ಚಾದರಕ್ಕೂ ಅವರು ವ್ಯತ್ಯಾಸ ಮಾಡುತ್ತಿದ್ದರೋ ಇಲ್ಲವೋ.

‘ತಿಳೀತದ’ ಎಂದ ಸಂಗಮನಾಥ.

ಅಷ್ಟೇ. ಒಂದು ಶಬ್ದ. ಅದನ್ನು ಹೇಳುವಾಗ ಅವನ ದನಿ ನಡುಗಲಿಲ್ಲ. ಆಮೇಲೆ ಅವನಿಗೆ ಅಸಹ್ಯವೆನಿಸಿದ್ದು ಅದೇ.

ಹನ್ನೊಂದು ಜನ ಸಾಲಾಗಿ ಗೋಡೆಗೆ ನಿಂತಿದ್ದರು. ಮಟ್ಕಾ ಬರೆದವರು, ಕುಡಿದು ಗಲಾಟೆ ಮಾಡಿದವರು, ಉಸುಕು ಸಾಗಿಸಿದ ಟ್ರ್ಯಾಕ್ಟರಿನ ಡ್ರೈವರುಗಳು. ತಲೆ ತಗ್ಗಿಸಿಕೊಂಡು ಒಬ್ಬರ ಹಿಂದೆ ಒಬ್ಬರು ಮುಂದೆ ಬಂದು ಹೌದ್ರಿ ಎಂದು, ಆ ಬದಿಯಿಂದ ಹೊರಗೆ ಹೋದರು. ಅವರಲ್ಲಿ ಕೆಲವರು ಆ ಕೆಲಸ ಮಾಡಿದ್ದರು, ಕೆಲವರು ಮಾಡಿರಲಿಲ್ಲ. ಯಾರು ಯಾರು ಎಂಬುದು ಸಂಗಮನಾಥನಿಗೆ ಒಂದು ಕಾಲಕ್ಕೆ ಗೊತ್ತಾಗುತ್ತಿತ್ತು.

ಬೆಂಚ್ ಕ್ಲರ್ಕ್ ಇನಾಯತ ಬಾಲಪ್ಪನ ಹೆಸರು ಕೂಗಿದ.

ಬಾಲಪ್ಪ ಕಟಕಟೆ ಹತ್ತಿದ. ಸಾಕ್ಷಿಗಳು ಬಂದಿಲ್ಲ, ಆದರೆ ಆರೋಪಿ ತಪ್ಪೊಪ್ಪಿಕೊಳ್ಳಲು ಬಯಸುತ್ತಾನೆ ಎಂದು ಸಂಗಮನಾಥ ತಿಳಿಸಿದ. ನ್ಯಾಯಾಧೀಶರು ಹಿಂದಿನ ಕೇಸಿಗೆ ಸಹಿ ಹಾಕುತ್ತಲೇ ಹೂಂ ಎಂದರು.

‘ಟಗರು ಕದ್ದಿದ್ದು ನಿಜವೇನಪ್ಪ?’

ಬಾಲಪ್ಪ ಹೆಗಲಿನಿಂದ ಕಂಬಳಿ ತೆಗೆದ. ಎಲ್ಲರೂ ನೋಡಲಿ ಎಂದು ಒಂದು ಕ್ಷಣ ಎರಡೂ ಕೈಯಲ್ಲಿ ಎತ್ತಿ ಹಿಡಿದ. ನಿಧಾನವಾಗಿ ನಾಲ್ಕು ಮಡಿಕೆ ಮಾಡಿ, ಕಟಕಟೆಯಿಂದ ಬಗ್ಗಿ, ಪಕ್ಕದಲ್ಲಿ ನಿಂತಿದ್ದ ಸಂಗಮನಾಥನ ಕೈಯಲ್ಲಿಟ್ಟ. ಕರಿಕೋಟಿನ ತೋಳಿನ ಮೇಲೆ ಕರಿಕಂಬಳಿ ಕೂತಿತು. ಅದು ಅವನು ಎಣಿಸಿದ್ದಕ್ಕಿಂತ ಭಾರವಾಗಿತ್ತು.

‘ಹೌದ್ರಿ. ನಾನೇ ಕದ್ದೀನಿ’ ಎಂದ ಬಾಲಪ್ಪ. ಅವನ ಕಣ್ಣು ನ್ಯಾಯಾಧೀಶರ ಮುಖದ ಮೇಲೇ ಇತ್ತು. ಅವರ ಕಣ್ಣು ಕಾಗದದ ಮೇಲಿತ್ತು.

‘ಯಾರಾದರೂ ಬಲವಂತ ಮಾಡಿದ್ದಾರಾ?’

‘ಇಲ್ರಿ.’

‘ಸ್ವಂತ ಇಚ್ಛೆಯಿಂದ ಒಪ್ಪಿಕೊಂಡಿದ್ದಾನೆ ಅಂತ ಬರ್ಕೊಳ್ಳಿ’ ಎಂದು ಅವರು ಟೈಪಿಸ್ಟಿನ ಕಡೆ ತಿರುಗಿದರು. ತಸ್ಲೀಮಾ ಎದ್ದು, ಏಳು ತಿಂಗಳು ಕಳೆದಿದ್ದಾನೆ, ಅಷ್ಟೇ ಸಾಕು ಎಂದರು. ಮಾತು ಉಳಿಸಿಕೊಳ್ಳುವ ಹೆಂಗಸು. ಶಿಕ್ಷೆ ಏಳು ತಿಂಗಳು, ಒಳಗೆ ಕಳೆದದ್ದು ಅದಕ್ಕೇ ವಜಾ, ಬಿಡುಗಡೆಯ ಕಾಗದ ಜೈಲಿಗೆ ಕಳಿಸಿ ಎಂದರು ನ್ಯಾಯಾಧೀಶರು. ಇನಾಯತ ಬೇರೆ ಕೇಸಿನ ಹೆಸರು ಕೂಗಿದ. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆದಿತ್ತು.

ಸಂಗಮನಾಥ ಹೊರಗೆ ಬಂದಾಗ ಬಾಲಪ್ಪ ವರಾಂಡದಲ್ಲಿ ತಾಯಿಗೆ ಹೇಳುತ್ತಿದ್ದ: ಇಳಿಸಿದ್ದು ಎಲ್ಲರೂ ನೋಡ್ಯಾರ, ಕೋರ್ಟು ತುಂಬ ಮಂದಿ ಇದ್ರು. ಮುಖದಲ್ಲಿ ಏಳು ತಿಂಗಳಲ್ಲಿ ಕಾಣದ ಒಂದು ಸಮಾಧಾನ ಇತ್ತು. ಸಂಜೆ ಜೈಲಿನ ಬಾಗಿಲಲ್ಲಿ ಹುಲಗಪ್ಪ ಬಂದು ಕರೆದುಕೊಂಡು ಹೋಗಲಿ ಎಂದ. ಮಾಳಮ್ಮ ಕಣ್ಣೊರೆಸಿಕೊಂಡಳು.

ಯೂನುಸ ಬೆರಳ ಗುರುತಿನ ಕಾಗದ ಹಿಡಿದುಕೊಂಡು ಬಂದ. ಜೈಲಿಗೆ ಹೋಗುವ ಮುಂಚೆ ಠಾಣೆಗೆ ಹೋಗಿ ಫೋಟೊ ಕೊಡಬೇಕು ಎಂದ. ಹೆದರಿಸಬೇಕೆಂದಲ್ಲ, ಇರುವುದನ್ನು ಹೇಳುವವನ ದನಿಯಲ್ಲಿ ಮುಂದುವರಿಸಿದ:

‘ಇನ್ನ ಮ್ಯಾಲ ನಿನ್ನ ಹೆಸರು ನಮ್ಮ ಪಟ್ಟಿನ್ಯಾಗ ಇರ್ತದ ಬಾಲಪ್ಪ. ಎಲ್ಲೇ ಕುರಿ ಕಳೀಲಿ, ಮೊದಲ ನಿನ್ನ ಹಟ್ಟಿಗೇ ಬರ್ತೀವಿ. ಬ್ಯಾಸರ ಮಾಡ್ಕೋಬ್ಯಾಡ.’

ಬಾಲಪ್ಪನಿಗೆ ಅರ್ಥವಾಗಲಿಲ್ಲ. ‘ನಾ ಕಂಬಳಿ ಇಳಿಸಿ ಹೇಳೀನಲ್ರಿ’ ಎಂದ.

‘ಕಂಬಳಿ ಯಾರು ನೋಡ್ತಾರೋ ಮಾರಾಯ? ಕಾಗದದಾಗ ಕಳ್ಳ ಅಂತ ಆಗ್ಯಾದ.’

ಬಾಲಪ್ಪ ಸಂಗಮನಾಥನ ಕಡೆ ತಿರುಗಿದ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟಿನ ಬದಲು, ದಾರಿ ತಪ್ಪಿದವನು ದಾರಿ ತೋರಿಸಿದವನನ್ನು ನೋಡುವ ನೋಟ ಅಲ್ಲಿತ್ತು.

‘ತಿಳೀತದ ಅಂದಿದ್ರಲ್ರಿ.’

‘ತಪ್ಪು ನಂದೇ ಬಾಲಪ್ಪ’ ಎಂದ ಸಂಗಮನಾಥ. ಮಾತು ಎಂದಿನ ಹಾಗೆ ಸಲೀಸಾಗಿ ಬಂತು.

ಬಾಲಪ್ಪ ಅವನ ತೋಳಿನ ಮೇಲಿದ್ದ ಕಂಬಳಿಯನ್ನು ನೋಡಿದ.

‘ಅದನ್ನ ಹೆಗಲಿಗೆ ಹಾಕ್ಕೊಂಡು ಹೇಳ್ರಿ.’

ಸಂಗಮನಾಥನ ಕೈ ಏಳಲಿಲ್ಲ. ವರಾಂಡದಲ್ಲಿ ಜನ ಓಡಾಡುತ್ತಿದ್ದರು. ಒಳಗೆ ಇನ್ನೊಬ್ಬರ ಹೆಸರು ಕರೆಯುತ್ತಿದ್ದರು. ಬೆಳಗ್ಗೆ ಶಾಂಭವಿ ಏನ್ ತಪ್ಪು ಎಂದು ಕೇಳಿದ್ದು ಈಗ ನೆನಪಾಯಿತು. ಕಂಬಳಿಯನ್ನು ಮುಂದೆ ಚಾಚಿದ, ತಗೋ ಎಂಬಂತೆ. ಬಾಲಪ್ಪ ಕೈ ಹಿಂದೆ ಕಟ್ಟಿಕೊಂಡ. ಯೂನುಸ ಅವನ ಭುಜ ಮುಟ್ಟಿ ನಡೆ ಎಂದ. ವ್ಯಾನು ಹೊರಟಿತು.

ಮಾಳಮ್ಮ ಉಳಿದಳು. ಅವಳೂ ಕಂಬಳಿ ತೆಗೆದುಕೊಳ್ಳಲಿಲ್ಲ. ಬೆಳಗ್ಗೆ ಅರ್ಧಕ್ಕೆ ಬಿಟ್ಟ ಮಾತನ್ನು ಈಗ ಪೂರ್ತಿ ಮಾಡಿದಳು. ಕಂಬಳಿ ಹಿಡಿದವರು ಹಟ್ಟಿಗೆ ಬಂದು, ನಾಲ್ಕು ಮಂದಿ ಹಿರಿಯರ ಮುಂದೆ ಅದನ್ನು ತಾವು ಹೆಗಲಿಗೆ ಹಾಕಿಕೊಂಡು, ಇವನು ಯಾಕೆ ಇಳಿಸಿದ ಎಂದು ಹೇಳಿ ಅವನಿಗೇ ಹೊಳ್ಳಿ ಕೊಡಬೇಕು. ಅಲ್ಲಿಯವರೆಗೆ ಇಳಿಸಿದವನ ಮಾತು ನಿಜವೆಂದೇ ನಿಲ್ಲುತ್ತದೆ.

‘ಅಮಾಸಿಗೆ ಹಟ್ಟಿ ಕೂಡ್ತದ. ನೀವು ಬಂದು, ಅಂವ ಕದ್ದಿಲ್ಲ ಅಂತ ಒಂದ್ ಮಾತು ಹೇಳ್ರಿ ಯಪ್ಪಾ. ನಿಮ್ಮ ಮಾತಿಗೆ ನನ ಮಗ ಉಳೀತಾನ. ನೀವ ಹಿಡದವ್ರು.’

ಅವನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಕೋರ್ಟಿನಲ್ಲಿ ಕದ್ದಿದ್ದಾನೆ ಎಂದು ಒಪ್ಪಿಸಿದ ವಕೀಲನೇ ಹಟ್ಟಿಯಲ್ಲಿ ನಿಂತು ಕದ್ದಿಲ್ಲ ಎನ್ನುವುದು. ಯಾರೋ ಮೊಬೈಲಿನಲ್ಲಿ ಹಿಡಿಯುತ್ತಾರೆ. ಅದು ತಸ್ಲೀಮಾ ಅವರ ತನಕ ಬರುತ್ತದೆ, ಆಮೇಲೆ ಅದಕ್ಕೂ ಮೇಲೆ. ಹಾಗಾದರೆ ಆ ಹನ್ನೊಂದು ಜನ ಎಂದು ಯಾರಾದರೂ ಕೇಳುತ್ತಾರೆ. ಹಾಗಾದರೆ ನಾಲ್ಕು ವರ್ಷ ಎಂದೂ ಕೇಳಬಹುದು.

‘ನೋಡ್ತೀನಿ ಯವ್ವಾ’ ಎಂದ.

ಮಾಳಮ್ಮ ಅವನ ಮುಖ ನೋಡಿದಳು. ಕೋರ್ಟಿನ ಮಾತು ಅವಳಿಗೂ ಏಳು ತಿಂಗಳಿಂದ ರೂಢಿಯಾಗಿತ್ತು. ನೋಡ್ತೀನಿ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಸೆರಗು ತಲೆಗೆಳೆದುಕೊಂಡು, ಕುಂಟುತ್ತ ಗೇಟಿನ ಕಡೆ ಹೋದಳು.

ಮಧ್ಯಾಹ್ನವೆಲ್ಲ ಕಂಬಳಿ ಅವನ ಬಳಿಯೇ ಇತ್ತು. ವಕೀಲರ ಕೋಣೆಯ ಕುರ್ಚಿಯ ಮೇಲೆ ಇಟ್ಟ, ಯಾರೋ ವಾಸನೆ ಎಂದರು. ಕಿಟಕಿಯಲ್ಲಿಟ್ಟ, ಬಿದ್ದಿತು. ಕಪಾಟಿನ ಹಿಂದೆ ತುರುಕಿ ಹೋಗಿಬಿಡಬಹುದು ಎಂದು ಯೋಚಿಸಿ, ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತ. ಐದೂವರೆಗೆ ಅದನ್ನು ಎತ್ತಿಕೊಂಡು ಬಸ್ಸು ಹತ್ತಿದ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀಟು ಸಿಕ್ಕಿದ್ದೇ ಹೆಚ್ಚು. ಪಕ್ಕದಲ್ಲಿ ಕೂಸು ಎತ್ತಿಕೊಂಡ ಹೆಂಗಸು ಬಂದು ಕೂತಳು, ತೊಡೆಯ ಮೇಲೆ ಚೀಲ, ಕಾಲಡಿಯಲ್ಲಿ ಯಾರದೋ ಬುಟ್ಟಿ. ಕೋಟು ಕಳಚಿ ಚೀಲಕ್ಕೆ ಸೇರಿಸಿದ. ಕಂಬಳಿಗೆ ಬೇರೆ ಜಾಗವಿಲ್ಲದೆ, ಬೇರೇನೂ ಯೋಚಿಸದೆ, ಹೆಗಲಿಗೆ ಹಾಕಿಕೊಂಡ. ಕತ್ತಿನ ಬೆವರಿಗೆ ಉಣ್ಣೆ ಚುಚ್ಚತೊಡಗಿತು. ಶಾಂಭವಿಗೆ ಏನು ಹೇಳಬೇಕು ಎಂದು ಯೋಚಿಸಲು ನೋಡಿದ. ಒಂದು ವಾಕ್ಯ ಬಿಟ್ಟರೆ ಬೇರೆ ಯಾವುದೂ ಸಿಗಲಿಲ್ಲ.

ದೋರನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಬಸ್ಸು ನಿಂತಿತು. ರಸ್ತೆಯ ತುಂಬ ಕುರಿ. ಇಳಿಬಿಸಿಲಲ್ಲಿ ಧೂಳೆಬ್ಬಿಸುತ್ತ, ತಲೆ ತಗ್ಗಿಸಿಕೊಂಡು, ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಡ್ರೈವರು ಹಾರ್ನ್ ಬಾರಿಸಿದ. ಒಂದೂ ತಲೆ ಎತ್ತಲಿಲ್ಲ. ಹಿಂಡಿನ ಮುಂದೆಯೂ ಹಿಂದೆಯೂ ಕಾಯುವವರು ಯಾರೂ ಕಾಣಲಿಲ್ಲ.

ಕಂಡಕ್ಟರ್ ಬಾಗಿಲಿನಿಂದ ಹೊರಗೆ ಬಗ್ಗಿ ಇವು ಯಾರವು ಎಂದು ಕೂಗಿದ. ಹೊಲಗಳಿಂದ ಉತ್ತರ ಬರಲಿಲ್ಲ. ಒಳಗೆ ತಿರುಗಿ ಜನರ ಮೇಲೆ ಕಣ್ಣಾಡಿಸಿದವನು ಸಂಗಮನಾಥನ ಹೆಗಲು ನೋಡಿ ನಿಂತ.

‘ಅಣ್ಣಾರ, ಈ ಕುರಿ ನಿಮ್ಮವೇನ್ರಿ?’

ಬಸ್ಸಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಕೂಸೂ ತಿರುಗಿತು. ರೂಢಿಯ ಪ್ರಕಾರ ಹೌದು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕಂಬಳಿ ಹೆಗಲ ಮೇಲಿತ್ತು. ಡ್ರೈವರು ಎಂಜಿನ್ ಬಂದ್ ಮಾಡಿ, ಉತ್ತರಕ್ಕಾಗಿ ಕನ್ನಡಿಯಲ್ಲಿ ಅವನನ್ನೇ ನೋಡುತ್ತ ಕೂತ. ಹೊರಗೆ ಕುರಿಗಳು ಬಸ್ಸಿನ ಎರಡೂ ಬದಿಗೆ ಒತ್ತಿಕೊಂಡು ಹೋಗುತ್ತಲೇ ಇದ್ದವು.